ಸಬ್ಬಕ್ಕಿಯ ಕಾವಲಿಗೆ ಬೆನಿನ್‌ನಿಂದ ಬಂದ ಕಣಜ

ಏಕಾದಶಿಯ ಕಿಚಡಿ, ಬೇಸಿಗೆಯಲ್ಲಿ ಮಾಳಿಗೆ ಮೇಲೆ ಒಣಗುವ ಸಂಡಿಗೆ, ಮದುವೆ ಮನೆಯ ಪಾಯಸ. ಇವಕ್ಕೆಲ್ಲ ಬೇಕಾದ ಸಬ್ಬಕ್ಕಿ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ದಿನಸಿ ಅಂಗಡಿಯವರು ಸೇಲಂ ಕಡೆ ಕೈ ತೋರಿಸುತ್ತಾರೆ. ಅದು ಅಕ್ಕಿಯ ಜಾತಿಗೆ ಸೇರಿದ್ದಲ್ಲ, ಮರಗೆಣಸಿನ ಪಿಷ್ಟವನ್ನು ಗುಂಡು ಕಟ್ಟಿ ಹುರಿದು ಒಣಗಿಸಿದ್ದು ಎಂಬುದು ಅನೇಕರಿಗೆ ಗೊತ್ತಿದೆ. ಆದರೆ 2020ರ ನಂತರ ಆ ಮರಗೆಣಸಿನ ಹೊಲಗಳು ಹೊಸದೊಂದು ಕೀಟಕ್ಕೆ ಸಿಕ್ಕಿ ನೆಲಕಚ್ಚತೊಡಗಿದ್ದು, ಬೆಂಗಳೂರಿನ ಒಂದು ಸಂಸ್ಥೆ ಪಶ್ಚಿಮ ಆಫ್ರಿಕದಿಂದ ತರಿಸಿದ ಕಣಜ ಎಂಬ ಪುಟ್ಟ ಹುಳುವೊಂದು ಅವುಗಳ ನೆರವಿಗೆ ಬಂದದ್ದು ಅಷ್ಟಾಗಿ ಸುದ್ದಿಯಾಗಲಿಲ್ಲ. ಕಣಜ ಎಂದ ಕೂಡಲೆ ಕಡಜದ ಹುಳು ಎಂದು ಹೆದರಬೇಕಿಲ್ಲ. ಇದು ಸಾಸಿವೆ ಕಾಳಿನಷ್ಟು ಗಾತ್ರದ್ದು, ಮನುಷ್ಯರನ್ನು ಕಚ್ಚುವುದಿಲ್ಲ.

ಪೀಡೆ ನಿಯಂತ್ರಣ ಕೃಷಿ ವಿಜ್ಞಾನಿಗಳ ಕೆಲಸ, ಆಹಾರ ಪದಾರ್ಥದ ಸಂಶೋಧನೆ ಇನ್ನೊಂದು ಕಟ್ಟಡದವರ ಕೆಲಸ ಎಂದು ನಾವು ಬಹಳ ಕಾಲದಿಂದ ಹಂಚಿಕೊಂಡಿದ್ದೇವೆ. ಮರಗೆಣಸಿನ ಈ ಪ್ರಕರಣವನ್ನು ಹತ್ತಿರದಿಂದ ನೋಡಿದರೆ ಆ ಹಂಚಿಕೆ ನಿಲ್ಲುವುದಿಲ್ಲ. ಕೀಟ ಹರಡಿದ್ದೇ ಪಿಷ್ಟದ ಬೇಡಿಕೆ ಹಾಕಿಕೊಟ್ಟ ದಾರಿಯಲ್ಲಿ. ಅದನ್ನು ಹಿಡಿದ ಉಪಾಯಕ್ಕೆ ಮಾತ್ರ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ.

ಕೀಟದ ಹೆಸರು ಮರಗೆಣಸಿನ ಹಿಟ್ಟು ತಿಗಣೆ. ದಾಸವಾಳದ ಕುಡಿಯಲ್ಲಿ, ಸೀಬೆ ಗಿಡದಲ್ಲಿ ಹತ್ತಿ ಉದುರಿಸಿದಂತೆ ಬೆಳ್ಳಗೆ ಅಂಟಿಕೊಂಡಿರುತ್ತವಲ್ಲ, ಅದೇ ಕುಟುಂಬ. ಇದರ ಮೈ ಮಾತ್ರ ನಸುಗೆಂಪು. ಇದರಲ್ಲಿ ಗಂಡೇ ಇಲ್ಲ. ಹೆಣ್ಣುಗಳು ಗಂಡಿನ ಹಂಗಿಲ್ಲದೆ ನೂರಾರು ಮೊಟ್ಟೆ ಇಡುತ್ತವೆ, ಆ ಮೊಟ್ಟೆಗಳಿಂದ ಹೊರಬರುವುದೂ ಹೆಣ್ಣುಗಳೇ. ಹಾಗಾಗಿ ಒಂದು ಹೊಲಕ್ಕೆ ಒಂದೇ ಒಂದು ಹುಳು ತಲುಪಿದರೂ ಸಂತಾನಕ್ಕೆ ಸಾಕು. ಕುಡಿಯಲ್ಲಿ ಕೂತು ರಸ ಹೀರುವಾಗ ಅದು ಒಳಬಿಡುವ ಜೊಲ್ಲು ಗಿಡಕ್ಕೆ ನಂಜು. ಗೆಣ್ಣುಗಳ ನಡುವಿನ ಅಂತರ ಕುಗ್ಗುತ್ತದೆ, ಎಲೆಗಳು ಮುದುಡಿ ತುದಿಯಲ್ಲಿ ಗೊಂಚಲಾಗುತ್ತವೆ, ಕಾಂಡ ಸೊಟ್ಟಗಾಗುತ್ತದೆ. ಎಲೆ ಇಲ್ಲದ ಗಿಡ ಗೆಡ್ಡೆಗೆ ಪಿಷ್ಟ ಎಲ್ಲಿಂದ ತುಂಬೀತು? ಮಳೆ ಜೋರಾಗಿದ್ದರೆ ಹುಳು ತೊಳೆದು ಹೋಗುತ್ತದೆ. ಒಣ ಹವೆ ಅದಕ್ಕೆ ಹಬ್ಬ.

ಹುಟ್ಟೂರು ದಕ್ಷಿಣ ಅಮೆರಿಕದ ಪರಾಗ್ವೆ ಸುತ್ತಿನ ಪ್ರದೇಶ. ಮರಗೆಣಸೂ ಆ ಖಂಡದ್ದೇ. ಪೋರ್ಚುಗೀಸರ ಹಡಗಿನಲ್ಲಿ ಗೆಣಸು ಆಫ್ರಿಕಕ್ಕೂ ಕೇರಳಕ್ಕೂ ಬಂದಾಗ ಈ ಹುಳು ಜೊತೆಗೆ ಬಂದಿರಲಿಲ್ಲ. ಶತಮಾನಗಳ ಮಟ್ಟಿಗೆ ಬೆಳೆ ಈ ಶತ್ರುವಿಲ್ಲದೆ ಬದುಕಿತು. 1970ರ ದಶಕದ ಆರಂಭದಲ್ಲಿ ಕಾಂಗೊ ಕಣಿವೆಯಲ್ಲಿ ಕಾಣಿಸಿಕೊಂಡ ಹುಳು ಹತ್ತು ಹದಿನೈದು ವರ್ಷದಲ್ಲಿ ಆಫ್ರಿಕದ ಮರಗೆಣಸಿನ ಪಟ್ಟಿಯ ಬಹುಭಾಗವನ್ನು ಆವರಿಸಿತು. ಕೆಲವು ಕಡೆ ಶೇ 80ರಷ್ಟು ಇಳುವರಿ ಹೋಯಿತು. ಅಲ್ಲಿ ಮರಗೆಣಸು ನಮ್ಮ ರಾಗಿ, ಜೋಳದ ಹಾಗೆ ದಿನದ ಊಟ. ಹೊಲ ಹೋದರೆ ಹಸಿವೇ.

ಆಗ ನೈಜೀರಿಯದ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯಲ್ಲಿದ್ದ ಸ್ವಿಸ್ ಕೀಟವಿಜ್ಞಾನಿ ಹಾನ್ಸ್ ಹೆರೆನ್ ಹಿಡಿದದ್ದು ಹಳೆಯ ತರ್ಕ: ಹುಳು ತನ್ನ ತವರಿನಲ್ಲಿ ಹಾವಳಿ ಮಾಡುತ್ತಿಲ್ಲ ಎಂದರೆ ಅಲ್ಲಿ ಅದನ್ನು ತಿನ್ನುವ ಯಾರೋ ಇದ್ದಾರೆ, ಅವರನ್ನು ಹುಡುಕಬೇಕು. ಹುಡುಕಾಟ ಮೊದಲು ತಪ್ಪು ದಾರಿ ಹಿಡಿಯಿತು. ದಕ್ಷಿಣ ಅಮೆರಿಕದ ಉತ್ತರ ಭಾಗದಲ್ಲಿ ಮರಗೆಣಸಿನ ಮೇಲೆ ನೋಡಲು ಇದೇ ತರದ ಹಿಟ್ಟು ತಿಗಣೆ ಸಿಕ್ಕಿತು, ಅದರ ಶತ್ರುಗಳನ್ನೂ ಹಿಡಿದರು. ಅವು ಆಫ್ರಿಕದ ಹುಳುವನ್ನು ಮೂಸಿಯೂ ನೋಡಲಿಲ್ಲ. ಸೂಕ್ಷ್ಮವಾಗಿ ಪರೀಕ್ಷಿಸಿದಾಗ ಅದು ಬೇರೆಯೇ ಪ್ರಭೇದ, ಅದರಲ್ಲಿ ಗಂಡುಗಳೂ ಇದ್ದವು. 1981ರಲ್ಲಿ ಪರಾಗ್ವೆಯಲ್ಲಿ ನಿಜವಾದ ಹುಳು ಸಿಕ್ಕಿತು, ಅದರ ಬೆನ್ನಿಗೇ ಅನಾಗೈರಸ್ ಲೊಪೆಜಿ ಎಂಬ ಕಣಜವೂ ಸಿಕ್ಕಿತು. ಅದೇ ವರ್ಷ ನೈಜೀರಿಯದಲ್ಲಿ ಬಿಡುಗಡೆ ಮಾಡಿದರು. ಮುಂದಿನ ವರ್ಷಗಳಲ್ಲಿ ವಿಮಾನದಿಂದಲೂ ಸುರಿದರು. ಈ ಕೆಲಸಕ್ಕೆ ಹೆರೆನ್ ಅವರಿಗೆ 1995ರ ವಿಶ್ವ ಆಹಾರ ಪ್ರಶಸ್ತಿ ಬಂತು. 1988ರ ಒಂದು ಆರ್ಥಿಕ ಅಂದಾಜಿನ ಪ್ರಕಾರ ಖರ್ಚು ಮಾಡಿದ ಪ್ರತಿ ಒಂದು ಡಾಲರಿಗೆ ಬಂದ ಲಾಭ 149 ಡಾಲರು.

ಆ ತಪ್ಪು ದಾರಿಯ ಕಥೆಯನ್ನು ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಹುಳುಗಳಿಗೆ ಹೆಸರಿಡುವ, ಸೂಜಿಗೆ ಚುಚ್ಚಿ ಪೆಟ್ಟಿಗೆಯಲ್ಲಿ ಇಡುವ ವರ್ಗೀಕರಣ ವಿಜ್ಞಾನಕ್ಕೆ ಅನುದಾನ ಕೇಳಿದರೆ ಇಂದಿಗೂ ಹುಬ್ಬು ಮೇಲೇರುತ್ತದೆ. ಅದರಿಂದ ರೈತರಿಗೇನು ಪ್ರಯೋಜನ ಎಂಬ ಪ್ರಶ್ನೆ ತಯಾರಾಗಿರುತ್ತದೆ. ಹುಳುವಿನ ಗುರುತು ತಪ್ಪಿದರೆ ಅದರ ಶತ್ರುವೂ ತಪ್ಪುತ್ತದೆ, ವರ್ಷಗಳು ಹೋಗುತ್ತವೆ. ಪ್ರಯೋಜನ ಅಷ್ಟು ನೇರ.

ಏಷ್ಯಾದಲ್ಲಿ ಹುಳು ಮೊದಲು ಕಂಡದ್ದು 2008ರಲ್ಲಿ, ಥಾಯ್ಲೆಂಡಿನಲ್ಲಿ. ಜಗತ್ತಿಗೆ ಅತಿ ಹೆಚ್ಚು ಮರಗೆಣಸಿನ ಪಿಷ್ಟ ರಫ್ತು ಮಾಡುವ ದೇಶ ಅದು. ಅಲ್ಲಿ ನಡೆದದ್ದು ಪಿಷ್ಟದ ವ್ಯಾಪಾರ ಮತ್ತು ಹೊಲದ ಹುಳುವಿನ ಸಂಬಂಧವನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುತ್ತದೆ. ಇಳುವರಿ ಕುಸಿಯಿತು, ಪಿಷ್ಟದ ಬೆಲೆ ಎರಡು ಪಟ್ಟು ಮೀರಿ ಏರಿತು. ಕಾರ್ಖಾನೆಗಳು ಗೆಣಸಿಗಾಗಿ ನೆರೆ ದೇಶಗಳತ್ತ ತಿರುಗಿದವು. ಕಾಂಬೋಡಿಯ, ಲಾವೋಸ್, ವಿಯೆಟ್ನಾಂಗಳಲ್ಲಿ ಗೆಣಸಿನ ವಿಸ್ತೀರ್ಣ ಹೆಚ್ಚಿದ್ದಕ್ಕೂ ಅದೇ ಕಾಲದಲ್ಲಿ ಕಾಡು ಕಡಿತ ಏರಿದ್ದಕ್ಕೂ ನಂಟು ಇದೆ ಎಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಥಾಯ್ಲೆಂಡ್ ಪಶ್ಚಿಮ ಆಫ್ರಿಕದ ಬೆನಿನ್ ದೇಶದಿಂದ ಅದೇ ಕಣಜವನ್ನು ತರಿಸಿ 2010ರಿಂದ ದೊಡ್ಡ ಪ್ರಮಾಣದಲ್ಲಿ ಬಿಟ್ಟ ಮೇಲೆ ಹೊಲ, ಬೆಲೆ ಎರಡೂ ತಹಬಂದಿಗೆ ಬಂದವು. ಒಂದು ದೇಶದ ಗೆಣಸಿನ ಕುಡಿಯಲ್ಲಿ ಹುಳು ಕೂತರೆ ಪಕ್ಕದ ದೇಶದ ಮರ ಉರುಳುತ್ತದೆ. ಆಹಾರ ಉದ್ಯಮದ ಕಚ್ಚಾವಸ್ತು ಎಂದರೆ ಇದೇ.

ಭಾರತದಲ್ಲಿ ಕಂಡದ್ದು 2020ರಲ್ಲಿ, ಕೇರಳದ ತ್ರಿಶೂರಿನಲ್ಲಿ. ಅಲ್ಲಿಂದ ತಮಿಳುನಾಡಿನ ಸೇಲಂ, ನಾಮಕ್ಕಲ್, ಈರೋಡು, ಧರ್ಮಪುರಿ ಕಡೆಗೆ ಹಬ್ಬಿತು. ಕೇರಳದಲ್ಲಿ ಮರಗೆಣಸು ಮೀನಿನ ಜೊತೆ ತಟ್ಟೆಗೆ ಬರುವ ಊಟ. ತಮಿಳುನಾಡಿನ ಈ ಪಟ್ಟಿಯಲ್ಲಿ ಅದು ಕಾರ್ಖಾನೆಯ ಬೆಳೆ. ಎರಡನೇ ಮಹಾಯುದ್ಧದ ಸಮಯದಲ್ಲಿ ಮಲಯ, ಸಿಂಗಪುರದಿಂದ ಬರುತ್ತಿದ್ದ ಸಾಗೋ, ಅಂದರೆ ಸಬ್ಬಕ್ಕಿ, ನಿಂತುಹೋದಾಗ ಸೇಲಂನ ವ್ಯಾಪಾರಿಗಳು ಮರಗೆಣಸಿನಿಂದ ಅದನ್ನು ಮಾಡಲು ಹೊರಟರು. ಕೈಯಲ್ಲಿ ಜಾಲಾಡಿ ಗುಂಡು ಕಟ್ಟುತ್ತಿದ್ದದ್ದು ಯಂತ್ರಕ್ಕೆ ಬಂತು. 1981ರಲ್ಲಿ ಅಲ್ಲಿನ ತಯಾರಕರು ಸಾಗೋಸರ್ವ್ ಎಂಬ ಸಹಕಾರಿ ಸಂಘ ಕಟ್ಟಿಕೊಂಡರು. 2023ರಲ್ಲಿ ಸೇಲಂ ಸಾಗೋಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಸಬ್ಬಕ್ಕಿಯ ಹೊರತಾಗಿ ಇದೇ ಪಿಷ್ಟ ಬೇಕರಿಗೆ, ಹಪ್ಪಳಕ್ಕೆ, ಸಾಸ್‌ಗಳನ್ನು ಗಟ್ಟಿ ಮಾಡಲು, ಗ್ಲುಟೆನ್ ಇಲ್ಲದ ತಿನಿಸುಗಳಿಗೆ, ಈಗ ನಗರಗಳ ಬೋಬಾ ಚಹಾದ ಕರಿ ಗುಂಡುಗಳಿಗೂ ಹೋಗುತ್ತದೆ.

ಕಾರ್ಖಾನೆ ರೈತರಿಗೆ ಹಣ ಕೊಡುವುದು ಗೆಡ್ಡೆಯ ತೂಕದ ಜೊತೆಗೆ ಪಿಷ್ಟದ ಪಾಯಿಂಟ್, ಅಂದರೆ ಅದರಲ್ಲಿ ಎಷ್ಟು ಪಿಷ್ಟವಿದೆ ಎಂಬ ಅಳತೆ, ನೋಡಿ. ಹಾಗಾಗಿ ಹುಳು ಬಿದ್ದ ಹೊಲದವರಿಗೆ ಎರಡು ಏಟು: ಗೆಡ್ಡೆಯೂ ಸಣ್ಣದು, ಪಾಯಿಂಟೂ ಕಡಿಮೆ. ಕಿತ್ತ ಗೆಡ್ಡೆ ಎರಡು ಮೂರು ದಿನದೊಳಗೆ ಕಪ್ಪಾಗತೊಡಗುವುದರಿಂದ ಒಳ್ಳೆ ಬೆಲೆಗೆ ಕಾಯುವಂತೆಯೂ ಇಲ್ಲ. ಇತ್ತ ಗೆಣಸು ದುಬಾರಿಯಾದಾಗಲೆಲ್ಲ ಸಬ್ಬಕ್ಕಿಗೆ ಮೆಕ್ಕೆಜೋಳದ ಪಿಷ್ಟ ಬೆರೆಸುವ ಆಸೆ ಹುಟ್ಟುತ್ತದೆ. ಈ ಕಲಬೆರಕೆಯ ವಿರುದ್ಧ ಅಲ್ಲಿನ ಬೆಳೆಗಾರರು ವರ್ಷಗಳಿಂದ ದನಿ ಎತ್ತುತ್ತಿದ್ದಾರೆ. ಸೂಕ್ಷ್ಮದರ್ಶಕದಡಿ ಇಟ್ಟರೆ ಎರಡು ಪಿಷ್ಟಗಳ ಕಣದ ಆಕಾರ ಬೇರೆ ಬೇರೆ, ಪತ್ತೆ ಅಸಾಧ್ಯವೇನಲ್ಲ, ಇಡುವವರು ಬೇಕು. (ಮೆಕ್ಕೆಜೋಳಕ್ಕೂ ತನ್ನದೇ ಗ್ರಹಚಾರ ಇದೆ. ಅಮೆರಿಕದ ಸೈನಿಕ ಹುಳು ಭಾರತದಲ್ಲಿ ಮೊದಲು ದಾಖಲಾದದ್ದು 2018ರಲ್ಲಿ ನಮ್ಮ ಶಿವಮೊಗ್ಗದಲ್ಲಿ. ಅದು ಬೇರೆ ಲೇಖನದ ಸರಕು.)

ಹುಳು ಇಷ್ಟು ಬೇಗ ಹಬ್ಬಿದ್ದು ಹೇಗೆ? ರೆಕ್ಕೆಯಿಲ್ಲದ ಹುಳು ಅದು. ಮರಿಗಳು ಗಾಳಿಯಲ್ಲಿ ಸ್ವಲ್ಪ ದೂರ ತೇಲುತ್ತವೆ, ಇರುವೆಗಳು ಅಂಟು ರಸದ ಆಸೆಗೆ ಅವುಗಳನ್ನು ಕಾಯುತ್ತವೆ. ದೂರದ ಪ್ರಯಾಣವೆಲ್ಲ ಕಾಂಡದಲ್ಲಿ. ಮರಗೆಣಸನ್ನು ಬೀಜದಿಂದ ಬೆಳೆಯುವುದಿಲ್ಲ, ಹಳೆ ಬೆಳೆಯ ಕಾಂಡವನ್ನು ಗೇಣುದ್ದದ ತುಂಡು ಮಾಡಿ ನೆಡುತ್ತಾರೆ. ಕಾರ್ಖಾನೆಯ ಬೇಡಿಕೆ ಏರಿದರೆ ಹೊಸ ಹೊಲಗಳಿಗೆ ಕಾಂಡ ಬೇಕು. ಲಾರಿಗಟ್ಟಲೆ ಕಾಂಡ ಜಿಲ್ಲೆಯಿಂದ ಜಿಲ್ಲೆಗೆ ಹೋಗುತ್ತದೆ, ಕಣ್ಣುಗಳ ಸಂದಿಯಲ್ಲಿ ಹುಳುವೂ ಹೋಗುತ್ತದೆ. ಪಿಷ್ಟ ಚೆನ್ನಾಗಿ ಬರುತ್ತದೆಂದು ಒಂದೆರಡು ತಳಿಗಳನ್ನೇ ಮೈಲುಗಟ್ಟಲೆ ಹಾಕುವುದು ಇನ್ನೊಂದು ಅನುಕೂಲ. 1971ರಲ್ಲಿ ಬಿಡುಗಡೆಯಾದ ಎಚ್-226 ಇಂದಿಗೂ ಸೇಲಂ ಸುತ್ತ ಮೆಚ್ಚಿನ ತಳಿ. ಬಿಳಿ ನೊಣ ಹರಡುವ ಮೊಸಾಯಿಕ್ ಎಂಬ ನಂಜು (ವೈರಸ್) ರೋಗಕ್ಕೆ ಅದು ಸುಲಭವಾಗಿ ತುತ್ತಾಗುತ್ತದೆ, ಆ ನಂಜೂ ಕಾಂಡದಲ್ಲೇ ಮುಂದಿನ ಬೆಳೆಗೆ ದಾಟುತ್ತದೆ. ಭತ್ತ, ರಾಗಿಗೆ ಪ್ರಮಾಣಿತ ಬೀಜದ ವ್ಯವಸ್ಥೆ ಎಷ್ಟೋ ಬೆಳೆದಿದೆ. ಕಾಂಡ ನೆಡುವ ಮರಗೆಣಸಿಗೆ ಅದು ಅಷ್ಟು ಬೆಳೆದಿಲ್ಲ.

ಬೆಂಗಳೂರಿನ ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಇದೆ. ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣಕ್ಕೆ ಹೋಗುವವರು ಅದರ ಮುಂದೆಯೇ ಹಾದುಹೋದರೂ ಒಳಗೇನಿದೆ ಎಂದು ಕೇಳುವವರು ವಿರಳ. 1957ರಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತದ ಕೇಂದ್ರವಾಗಿ ಶುರುವಾದ ಕೆಲಸ ಹಲವು ಹೆಸರು ಬದಲಿಸಿ ಇಲ್ಲಿಗೆ ಬಂದಿದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯಿ ಹಿಟ್ಟು ತಿಗಣೆ ಕಂಡು, ಪಪ್ಪಾಯಿ ಜೊತೆಗೆ ರೇಷ್ಮೆಯವರ ಹಿಪ್ಪುನೇರಳೆಯನ್ನೂ ಹಾಳುಮಾಡುತ್ತಿದ್ದಾಗ, ಅಮೆರಿಕದ ಕೃಷಿ ಇಲಾಖೆಯ ನೆರವಿನಿಂದ ಪೋರ್ಟೊರಿಕೊದಿಂದ ಮೂರು ಬಗೆಯ ಕಣಜಗಳನ್ನು 2010ರಲ್ಲಿ ತರಿಸಿದ್ದು ಇದೇ ಸಂಸ್ಥೆ. ಅವುಗಳಲ್ಲಿ ಅಸೆರೊಫೇಗಸ್ ಪಪಾಯೆ ಎಂಬುದು ಎಷ್ಟು ಚೆನ್ನಾಗಿ ನೆಲೆಸಿತೆಂದರೆ, ಈಗಿನ ಎಷ್ಟೋ ರೇಷ್ಮೆ ಬೆಳೆಗಾರರಿಗೆ ಆ ಹಾವಳಿ ನೆನಪೇ ಇರಲಿಕ್ಕಿಲ್ಲ. ಜೈವಿಕ ನಿಯಂತ್ರಣ ಗೆದ್ದರೆ ಆಗುವುದು ಇದೇ: ಸಮಸ್ಯೆ ಮರೆತುಹೋಗುತ್ತದೆ, ಬಗೆಹರಿಸಿದವರೂ ಮರೆತುಹೋಗುತ್ತಾರೆ, ಮುಂದಿನ ಬಜೆಟ್ಟಿನಲ್ಲಿ ಅವರ ಪಾಲು ಕುಗ್ಗುತ್ತದೆ.

ಮರಗೆಣಸಿನ ಹುಳುವಿಗೂ ಅದೇ ದಾರಿ ಹಿಡಿದರು. ಹೆರೆನ್ ಕೆಲಸ ಮಾಡಿದ್ದ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯ ಬೆನಿನ್ ಕೇಂದ್ರದಿಂದ ಕಣಜ ತರಿಸಿ, ಬೆಂಗಳೂರಿನ ಕ್ವಾರಂಟೈನ್ ಪ್ರಯೋಗಾಲಯದಲ್ಲಿ ಬಂಧಿಸಿಟ್ಟು, ಅದು ಬೇರೆ ಉಪಕಾರಿ ಕೀಟಗಳ ತಂಟೆಗೆ ಹೋಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, 2022ರ ಮಾರ್ಚ್‌ನಲ್ಲಿ ಸೇಲಂ ಜಿಲ್ಲೆಯ ಏತಾಪುರದ ಸಂಶೋಧನಾ ಕೇಂದ್ರದಲ್ಲಿ ಬಿಡುಗಡೆ ಮಾಡಿದರು. ಹೆಣ್ಣು ಕಣಜ ಹಿಟ್ಟು ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ. ಮರಿ ಒಳಗಿನಿಂದಲೇ ಅದನ್ನು ತಿಂದು ಮುಗಿಸುತ್ತದೆ. ಒಣಗಿ ಗಟ್ಟಿಯಾದ ಸಿಪ್ಪೆಗೆ ದುಂಡನೆ ತೂತು ಕೊರೆದು ಹೊಸ ಕಣಜ ಹೊರಗೆ ಬರುತ್ತದೆ. ಹೊಟ್ಟೆಗೆಂದೂ ಅದು ಕೆಲವು ತಿಗಣೆಗಳನ್ನು ಚುಚ್ಚಿ ಕೊಲ್ಲುತ್ತದೆ. ತಿಗಣೆ ಹೆಚ್ಚಿದ್ದಲ್ಲಿ ಹೆಚ್ಚುತ್ತದೆ, ಇಳಿದಲ್ಲಿ ಇಳಿಯುತ್ತದೆ. ಪೂರ್ತಿ ನಿರ್ನಾಮ ಮಾಡುವುದಿಲ್ಲ, ಮಾಡಿದರೆ ಅದೂ ಉಳಿಯುವುದಿಲ್ಲ.

ಹೊರಗಿನ ಕೀಟವನ್ನು ತಂದು ಬಿಡುವುದೆಂದರೆ ಯಾರಿಗಾದರೂ ಅಳುಕು ಸಹಜ. ಬೆಂಗಳೂರಿಗೆ ಅದರ ಅನುಭವವೂ ಇದೆ. ಕಾಂಗ್ರೆಸ್ ಗಿಡ ತಿನ್ನಲೆಂದು ಮೆಕ್ಸಿಕೊದಿಂದ ತಂದ ಜೀರುಂಡೆಯನ್ನು 1984ರಲ್ಲಿ ಇಲ್ಲಿ ಬಿಟ್ಟ ಮೇಲೆ ಅದು ಸೂರ್ಯಕಾಂತಿ ಎಲೆಯ ಮೇಲೆ ಕಂಡುಬಂದು ದೊಡ್ಡ ಗಲಾಟೆಯಾಯಿತು. ಕೇಂದ್ರ ಸರ್ಕಾರ ತಜ್ಞರ ಸಮಿತಿ ಮಾಡಿತು. ಕೊನೆಗೆ ಅದು ಸೂರ್ಯಕಾಂತಿಗೆ ಪೀಡೆಯಾಗಲಿಲ್ಲ, ಕಾಂಗ್ರೆಸ್ ಗಿಡವೂ ಊರು ಬಿಟ್ಟು ಹೋಗಲಿಲ್ಲ ಎಂಬುದು ಬೇರೆ ಮಾತು. ಅಂದಿನ ಅಳುಕು ವ್ಯರ್ಥವೆಂದು ನಾನು ಹೇಳಲಾರೆ. ಆಮದು ಮಾಡಿದ ಕೀಟವನ್ನು ವಾಪಸು ಕರೆಸಿಕೊಳ್ಳಲು ಬರುವುದಿಲ್ಲ. ಕ್ವಾರಂಟೈನ್‌ನಲ್ಲಿ ಕಳೆಯುವ ತಿಂಗಳುಗಳು ವಿಳಂಬವೆನಿಸಿದರೂ ಅವನ್ನು ಕಡಿಮೆ ಮಾಡಿ ಎನ್ನುವವರ ಜೊತೆ ನಿಲ್ಲುವುದು ಕಷ್ಟ. ಮರಗೆಣಸಿನ ಕಣಜದ ವಿಷಯದಲ್ಲಿ ಆಫ್ರಿಕದ ನಾಲ್ಕು ದಶಕಗಳ ದಾಖಲೆ ಕೈಯಲ್ಲಿತ್ತು ಎಂಬುದೇ ಸಮಾಧಾನ.

ಆದರೆ ಕಣಜವನ್ನು ಒಮ್ಮೆ ಬಿಟ್ಟರೆ ಮುಗಿಯಿತು ಎಂದು ನಂಬುವುದು ತಪ್ಪು. ಆಫ್ರಿಕದ ಅನುಭವದಲ್ಲಿ ಅತ್ಯಂತ ಸ್ವಾರಸ್ಯದ ಭಾಗ ಎಲ್ಲಿ ಸೋತಿತು ಎಂಬುದರಲ್ಲಿದೆ. ಬಡ ಮರಳು ಮಣ್ಣಿನ ಹೊಲಗಳಲ್ಲಿ ಕಣಜ ಅಷ್ಟಾಗಿ ಕೆಲಸ ಮಾಡಲಿಲ್ಲ. ಸೊರಗಿದ ಗಿಡದ ಮೇಲೆ ತಿಗಣೆಗಳೂ ಸಣ್ಣವಾಗಿರುತ್ತವೆ. ಗರ್ಭ ಕಟ್ಟಿದ ಮೊಟ್ಟೆ ಹೆಣ್ಣು, ಕಟ್ಟದ್ದು ಗಂಡು ಎಂಬ ಏರ್ಪಾಟು ಕಣಜಗಳಲ್ಲಿ ಇರುವುದರಿಂದ ತಾಯಿಗೆ ಆಯ್ಕೆಯಿದೆ. ತಿಗಣೆ ಸಣ್ಣದಿದ್ದರೆ ಅದು ಗಂಡು ಮೊಟ್ಟೆ ಇಡುತ್ತದೆ. ಬೆಳೆದು ಹೊರಬಂದ ಗಂಡು ಕಣಜ ಮೊಟ್ಟೆ ಇಡುವುದಿಲ್ಲವಾದ್ದರಿಂದ ಮತ್ತೆ ಯಾವ ತಿಗಣೆಯನ್ನೂ ಕೊಲ್ಲುವುದಿಲ್ಲ. ಹೊಲಕ್ಕೆ ಹೊದಿಕೆ ಹಾಕಿ, ಗೊಬ್ಬರ ಕೊಟ್ಟು ಗಿಡ ಚೇತರಿಸಿದಲ್ಲಿ ತಿಗಣೆ ದಪ್ಪವಾಯಿತು, ಹೆಣ್ಣು ಕಣಜಗಳ ಸಂಖ್ಯೆ ಏರಿತು, ಹತೋಟಿ ಬಂತು. ಪೀಡೆ ನಿಯಂತ್ರಣಕ್ಕೆ ಮಣ್ಣಿನ ಸಾರ ಬೇಕು ಎಂಬ ಮಾತು ಸಾವಯವದವರ ಘೋಷಣೆಯಂತೆ ಕೇಳಿಸಬಹುದು, ಇಲ್ಲಿ ಅದರ ಹಿಂದಿರುವುದು ಗಂಡು ಹೆಣ್ಣಿನ ಲೆಕ್ಕ.

ಇನ್ನೊಂದು ತೊಡಕು ಔಷಧ. ಕಣಜ ಬಿಟ್ಟ ವಾರದಲ್ಲೇ ಪಕ್ಕದ ಹೊಲದವರು ಪಂಪು ಹೆಗಲಿಗೇರಿಸಿದರೆ ಮೊದಲು ಸಾಯುವುದು ಕಣಜ. ಮೇಣದ ಹೊದಿಕೆಯೊಳಗಿನ ತಿಗಣೆಗೆ ಔಷಧ ಸರಿಯಾಗಿ ತಾಗುವುದೂ ಇಲ್ಲ. ಕಣಜವನ್ನು ಒಬ್ಬರ ಹೊಲಕ್ಕೆ ಕಟ್ಟಿಹಾಕಲು ಆಗದು, ಆದ್ದರಿಂದ ಅದನ್ನು ಯಾವ ಕಂಪನಿಯೂ ಮಾರಲಾರದು. ಒಬ್ಬರು ಕೊಂಡರೆ ಊರಿಗೆಲ್ಲ ಸಿಗುತ್ತದೆ. ಔಷಧದ ಬಾಟಲಿಗೆ ಅಂಗಡಿ ಇದೆ, ಸಾಲ ಇದೆ, ಗೋಡೆ ಜಾಹೀರಾತು ಇದೆ. ಕಣಜಕ್ಕೆ ಇರುವುದು ಕೃಷಿ ವಿಜ್ಞಾನ ಕೇಂದ್ರದ ಒಬ್ಬಿಬ್ಬರು ಸಿಬ್ಬಂದಿ, ಒಂದು ಜೀಪು. ಸಾರ್ವಜನಿಕ ಸಂಸ್ಥೆ ಮಾಡದಿದ್ದರೆ ಈ ಕೆಲಸವನ್ನು ಬೇರೆ ಯಾರೂ ಮಾಡುವುದಿಲ್ಲ. ಹಾಗೆಂದು ಪೂರ್ತಿ ಹೊರೆ ಸರ್ಕಾರದ್ದೇ ಆಗಿರಬೇಕೆ? ಪಿಷ್ಟದಿಂದ ಲಾಭ ಮಾಡುವ ಉದ್ಯಮ, ಬೋಬಾದಿಂದ ಬೇಕರಿಯವರೆಗೆ, ಕಣಜ ಸಾಕುವುದಕ್ಕೂ ನಂಜು ರೋಗವಿಲ್ಲದ ಕಾಂಡ ಬೆಳೆಸುವುದಕ್ಕೂ ಮೂಟೆಗಿಷ್ಟು ಎಂದು ಪಾಲು ಕೊಡಬೇಕೆಂಬುದು ನನ್ನ ಅಭಿಪ್ರಾಯ. ಸೇಲಂನಲ್ಲಿ ಮೂಟೆಗಳ ಲೆಕ್ಕ ಇಡುವ ಸಹಕಾರಿ ಸಂಘ ಇರುವುದರಿಂದ ವಸೂಲಿಯ ದಾರಿ ಹುಡುಕಬೇಕಾದ್ದೂ ಇಲ್ಲ.

ಹೊಲ ಮತ್ತು ಅಡುಗೆಮನೆ ಒಂದೇ ಸೂರಿನಡಿ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ತಿರುವನಂತಪುರದ ಶ್ರೀಕಾರ್ಯಂನಲ್ಲಿ 1963ರಿಂದ ಇರುವ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯನ್ನು ನೋಡಬೇಕು. ಮರಗೆಣಸಿನ ಗೆಡ್ಡೆ, ಎಲೆ ಎರಡರಲ್ಲೂ ಲಿನಮರಿನ್ ಎಂಬ ವಸ್ತುವಿದೆ. ಅಂಗಾಂಶ ಜಜ್ಜಿದಾಗ ಅದರಿಂದ ಸಯನೈಡ್ ಬಿಡುಗಡೆಯಾಗುತ್ತದೆ. ಮಲೆನಾಡು, ಕರಾವಳಿಯಲ್ಲಿ ಮರಗೆಣಸು ಬೇಯಿಸಿದ ನೀರನ್ನು ಬಸಿದು ಚೆಲ್ಲುವುದು ಈ ಕಾರಣಕ್ಕೆ. ತಿನ್ನುವ ಮರಗೆಣಸಿನ ಹಿಟ್ಟಿನಲ್ಲಿ ಸಯನೈಡ್ ಕಿಲೋಗೆ 10 ಮಿಲಿಗ್ರಾಂ ಮೀರಬಾರದೆಂದು ಅಂತರರಾಷ್ಟ್ರೀಯ ಆಹಾರ ಸಂಹಿತೆ ಹೇಳುತ್ತದೆ. ಆಹಾರದಿಂದ ತೆಗೆದುಹಾಕಬೇಕಾದ ಇದೇ ನಂಜನ್ನು ಆ ಸಂಸ್ಥೆಯ ವಿಜ್ಞಾನಿಗಳು ಬಿಸಾಡುವ ಎಲೆ, ಸಿಪ್ಪೆಗಳಿಂದ ಬೇರ್ಪಡಿಸಿ ಕೀಟನಾಶಕ ಮಾಡಿದರು. ನನ್ಮ, ಮೆನ್ಮ, ಶ್ರೇಯ ಎಂಬ ಹೆಸರಿನ ಇವುಗಳಲ್ಲಿ ಮೆನ್ಮ ಬಾಳೆಯ ದಿಂಡು ಕೊರಕಕ್ಕೆ ಬಳಕೆಯಾಗುತ್ತದೆ, ಶ್ರೇಯ ಹಿಟ್ಟು ತಿಗಣೆಗಳಿಗೆ. ಅದೇ ಆವರಣದಲ್ಲಿ ಮರಗೆಣಸಿನ ಪಾಸ್ತಾ, ಕುರುಕಲು ತಿಂಡಿಗಳ ಪ್ರಯೋಗ ನಡೆಯುತ್ತದೆ, ಮೊಸಾಯಿಕ್ ರೋಗ ತಡೆಯುವ ಶ್ರೀ ರಕ್ಷಾದಂತಹ ತಳಿಗಳೂ ಅಲ್ಲಿಂದಲೇ ಬಂದಿವೆ.

ನಮ್ಮ ಮೈಸೂರಿಗೂ ಈ ಗೆಡ್ಡೆಯ ಜೊತೆ ಹಳೆಯ ಸಂಬಂಧವಿದೆ. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ತನ್ನ ಆರಂಭದ ವರ್ಷಗಳಲ್ಲೇ ಮರಗೆಣಸಿನ ಹಿಟ್ಟು ಮುಕ್ಕಾಲು ಪಾಲು, ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಕಾಲು ಪಾಲು ಬೆರೆಸಿ ಒಂದು ಹಿಟ್ಟು ಮಾಡಿತ್ತು. ಆಹಾರ ವಿಜ್ಞಾನದ ಬರಹಗಳಲ್ಲಿ ಅದು ಮೈಸೂರು ಹಿಟ್ಟು ಎಂದೇ ದಾಖಲಾಗಿದೆ. ಅಕ್ಕಿಯ ಕೊರತೆಯ ಕಾಲಕ್ಕೆ ಹುಟ್ಟಿದ ಪದಾರ್ಥ ಅದು, ಅಕ್ಕಿ ಸಿಗತೊಡಗಿದ ಮೇಲೆ ಯಾರಿಗೂ ಬೇಡವಾಯಿತು. ಪಿಷ್ಟ ಬಿಟ್ಟರೆ ಮರಗೆಣಸಿನಲ್ಲಿ ಹೆಚ್ಚೇನೂ ಇಲ್ಲ, ಸಬ್ಬಕ್ಕಿಯಲ್ಲಿ ಇನ್ನೂ ಕಡಿಮೆ ಎಂಬ ಸತ್ಯವನ್ನು ಆ ಬೆರಕೆ ಆಗಲೇ ಒಪ್ಪಿಕೊಂಡಿತ್ತು. ಉಪವಾಸದ ಕಿಚಡಿಗೆ ಹುರಿದ ಶೇಂಗಾ ಪುಡಿ ಹಾಕುವ ಉತ್ತರ ಕರ್ನಾಟಕದ ಅಡುಗೆಯವರೂ ಅದನ್ನೇ ಮಾಡುತ್ತಾರೆ.

ಕರ್ನಾಟಕದಲ್ಲಿ ಮರಗೆಣಸಿನ ವಿಸ್ತೀರ್ಣ ಕಡಿಮೆ. ಆದರೂ ತಮಿಳುನಾಡು, ಕೇರಳದ ಗಡಿ ದಾಟಿ ಕಾಂಡ ಬರುವುದು ನಿಂತಿಲ್ಲ. ತರಿಸುವವರು ಎರಡು ಕೆಲಸ ಮಾಡಬಹುದು. ಹುಳು, ನಂಜು ರೋಗ ಎರಡೂ ಕಾಣದ ಹೊಲದಿಂದ ಮಾತ್ರ ಕಾಂಡ ಆರಿಸುವುದು ಮೊದಲನೆಯದು. ಥಾಯ್ಲೆಂಡಿನಲ್ಲಿ ರೂಢಿಯಾದಂತೆ ತುಂಡುಗಳನ್ನು ನೆಡುವ ಮುಂಚೆ ಶಿಫಾರಸಾದ ಔಷಧದ ನೀರಿನಲ್ಲಿ ಐದು ಹತ್ತು ನಿಮಿಷ ಅದ್ದಿ ತೆಗೆಯುವುದು ಎರಡನೆಯದು. ಹೊಲಕ್ಕೆಲ್ಲ ಔಷಧ ಎರಚಿದಂತಾಗುವುದಿಲ್ಲ, ಕಾಂಡದ ಸಂದಿಯ ತಿಗಣೆ ಸಾಯುತ್ತದೆ. ಗಿಡ ಚಿಗುರಿದ ಮೇಲೆ ಹೊಲಕ್ಕೆ ಸಿಂಪಡಣೆ ಮಾಡದಿದ್ದರೆ ಕಣಜಕ್ಕೂ ಜಾಗವಿರುತ್ತದೆ.